ಎಷ್ಟು ಲ್ಹೋತಾ

ಶುಕ್ರವಾರ ರಾತ್ರಿಯೂಟದ ತಟ್ಟೆಗಳನ್ನು ತೊಳೆದಿಟ್ಟ ಮೇಲೆ ವಿಲೇಮ್ ಅಡುಗೆಮನೆಯ ಮೇಜಿನ ಮೇಲೆ ರೈಲು ನಕ್ಷೆ ಹರಡಿಕೊಂಡು ಕೂರುತ್ತಿದ್ದ. ಶನಿವಾರದ ಪ್ರಯಾಣಕ್ಕೆ ಅವನದೇ ಕಟ್ಟಳೆಗಳಿದ್ದವು. ಬೆಳಿಗ್ಗೆ ಪ್ರಾಗ್ ಬಿಟ್ಟರೆ ಕತ್ತಲಾಗುವ ಮುಂಚೆ ಮರಳಬೇಕು. ರೈಲು ಬದಲಾಯಿಸುವುದು ಒಂದು ಸಲ ಆದರೆ ಸರಿ, ಎರಡಾದರೆ ಬೇಡ. ಡಬ್ಬಿಯ ಮೆಟ್ಟಿಲು ತಗ್ಗಾಗಿರಬೇಕು, ಇಳಿದಲ್ಲಿಂದ ಊರು ಹತ್ತಿರವಿರಬೇಕು, ಊರಲ್ಲಿ ಒಂದು ಹೋಟೆಲಾದರೂ ಬಾಗಿಲು ತೆರೆದಿರಬೇಕು. ಉಳಿದವರು ಒಂದು ದಿನದ ಸುತ್ತಾಟಕ್ಕೆ ಕೋಟೆ ನೋಡುತ್ತಾರೆ, ಬಿಸಿನೀರಿನ ಬುಗ್ಗೆಯ ಊರಿಗೆ ಹೋಗಿ ಕೊಳೆತ ಮೊಟ್ಟೆಯ ವಾಸನೆಯ ನೀರು ಕುಡಿದು ಆರೋಗ್ಯ ಬಂತು ಎನ್ನುತ್ತಾರೆ. ವಿಲೇಮ್‌ಗೆ ಅದೊಂದೂ ಬೇಡ. ಅವನು ಹುಡುಕುತ್ತಿದ್ದದ್ದು ಲ್ಹೋತಾ.

ಬೊಹೆಮಿಯಾದಲ್ಲಿ ಎಡವಿದರೆ ಲ್ಹೋತಾ ಎಂಬ ಒಂದು ಹಳ್ಳಿ. ಮೇಲಿನ ಲ್ಹೋತಾ, ಕೆಳಗಿನ ಲ್ಹೋತಾ, ಕೆಂಪು ಲ್ಹೋತಾ, ಕಲ್ಲು ಲ್ಹೋತಾ, ಹಿಂದೆಮುಂದೆ ಏನೂ ಇಲ್ಲದ ಬರಿಯ ಲ್ಹೋತಾ. ಪ್ರತಿಯೊಂದರಲ್ಲೂ ಒಂದು ಕೊಳ, ಮೋಟು ಗಂಟೆಗೋಪುರ, ಬೇಲಿಯ ಹಿಂದೆ ಬೊಗಳುವ ನಾಯಿ. ಒಂದನ್ನು ನೋಡಿದವನು ಎಲ್ಲವನ್ನೂ ನೋಡಿದ ಹಾಗೆ. ಇವುಗಳಲ್ಲಿ ಯಾವುದೋ ಒಂದಕ್ಕೆ ಹೋಗಬೇಕೆಂದು ಹೆಂಡತಿ ಯಾರ್ಮಿಲಾ ಆಗಸ್ಟಿನಿಂದ ಕೇಳುತ್ತಿದ್ದಾಳೆ, ಯಾವುದೆಂದು ಹೇಳಲು ಮಾತ್ರ ಅವಳಿಗೆ ಬರುತ್ತಿಲ್ಲ ಎಂದು ವಿಲೇಮ್ ತಿಳಿದಿದ್ದ.

ಜೂನ್ ತಿಂಗಳಲ್ಲಿ ಅವಳ ತಲೆಯೊಳಗಿನ ಗಡ್ಡೆಯನ್ನು ತೆಗೆದಿದ್ದರು. ಗಡ್ಡೆಯ ಜೊತೆಗೆ ಮಾತೂ ಹೋಯಿತು. ಒಂದನೇ ತರಗತಿಯ ಮಕ್ಕಳಿಗೆ ಜೀವಮಾನವಿಡೀ ಅಕ್ಷರ ತಿದ್ದಿಸಿದವಳ ಬಾಯಲ್ಲಿ ಒಂದಷ್ಟು ಬಿಡಿ ಪದಗಳು ಉಳಿದವು. ಬಾಯಿಯ ಬಲತುದಿ ಜೋತುಬಿದ್ದಿತ್ತು. ಬೇಸಿಗೆಯಲ್ಲಿ ಅವಳು ಆ ಪದಗಳನ್ನೇ ಅಕ್ಕಪಕ್ಕ ಇಟ್ಟು ತಂಗಿಗೋ ಗಂಡನಿಗೋ ಏನಾದರೂ ಹೇಳುತ್ತಿದ್ದಳು. ಹೆಡ್ವಿಕಾ, ಬಾ. ಕಿಟಕಿ, ತೆಗಿ. ಅಕ್ಟೋಬರ್ ಬರುವ ಹೊತ್ತಿಗೆ ಅವೂ ಒಂದೊಂದಾಗಿ ಕಳಚಿಕೊಂಡು ಬೆರಳಲ್ಲಿ ಎಣಿಸುವಷ್ಟಾಗಿದ್ದವು.

ಗಡ್ಡೆ ಪೂರ್ತಿ ಬಂದಿಲ್ಲ, ಮತ್ತೆ ಬೆಳೆಯುತ್ತದೆ ಎಂದು ವೈದ್ಯರು ಅವಳ ಕೋಣೆಯ ಹೊರಗೆ ನಿಂತು ವಿಲೇಮ್‌ಗೆ ಹೇಳಿದ್ದರು. ಅವನು ಕೇಳಿದ್ದು ಒಂದೇ ಪ್ರಶ್ನೆ.

"ಗಡುವು ಎಷ್ಟು ಡಾಕ್ಟ್ರೇ?"

ಕಟ್ಟಡ ಪರವಾನಗಿ ಕೊಡುವ ಕಚೇರಿಯಲ್ಲಿ ನಿವೃತ್ತಿಯವರೆಗೂ ಕೂತವನ ಬಾಯಲ್ಲಿ ಬೇರೆ ಪದ ಬಂದೀತಾದರೂ ಹೇಗೆ? ಮನೆಯಲ್ಲೂ ಅವನದು ಅದೇ ಪದ. ಆಲೂಗಡ್ಡೆ ಬೇಯಲು ಗಡುವು, ಗ್ರಂಥಾಲಯದ ಪುಸ್ತಕಕ್ಕೆ ಗಡುವು, ಜಗಳವಾಡಿ ಮುಖ ಊದಿಸಿಕೊಂಡರೆ ಅದಕ್ಕೂ ಭಾನುವಾರದವರೆಗೆ ಗಡುವು. ಯಾರ್ಮಿಲಾ ಅದನ್ನು ಹಿಡಿದುಕೊಂಡು ಅವನನ್ನು ನಲವತ್ತು ವರ್ಷ ಅಣಕಿಸಿದ್ದಳು.

"ಗಡುವು ಕೊಡೋಕೆ ನಾನ್ಯಾರು," ಎಂದರು ವೈದ್ಯರು. "ಆದ್ರೆ ಕ್ರಿಸ್‌ಮಸ್ ಮರನ ಇಬ್ರೂ ಸೇರಿ ಸಿಂಗರಿಸ್ತೀರಿ ಅಂತ ಹೇಳಲಾರೆ."

ರೋಗಿಗೆ ಮುಚ್ಚಿಟ್ಟು ಮನೆಯವರಿಗಷ್ಟೇ ಹೇಳುವುದು ಇಲ್ಲಿ ಹಿಂದಿನವರ ಪದ್ಧತಿ. ಕರುಣೆಯ ಸುಳ್ಳು ಎಂದು ಅದಕ್ಕೊಂದು ಹೆಸರೂ ಇದೆ. ಈಗಿನ ವೈದ್ಯರು ಒಪ್ಪುವುದಿಲ್ಲ. ವಿಲೇಮ್ ಅಂಗಲಾಚಿದ. "ಅವಳು ಕೇಳಿದ್ರೆ ನಾನು ಸುಳ್ಳು ಹೇಳೋದಿಲ್ಲ, ಕೇಳದಿದ್ರೆ ನಾನಾಗಿ ಹೇಳೋದಿಲ್ಲ," ಎಂದು ವೈದ್ಯರು ಅರ್ಧ ಒಪ್ಪಿದರು. ಕೇಳಲು ಅವಳಿಗೆ ಬಾಯೆಲ್ಲಿತ್ತು? ವಿಲೇಮ್ ಒಳಗೆ ಹೋಗಿ ಹೆಂಡತಿಯ ಕೈ ಹಿಡಿದು, ಎಲ್ಲ ತೆಗೆದಿದ್ದಾರಂತೆ ಮಿಲಾ, ಬೇರುಸಮೇತ ಎಂದ. ಹಿಂದೆ ಬಾಗಿಲು ಅರ್ಧ ತೆರೆದೇ ಇತ್ತು. ಅದು ಅವನ ಗಮನಕ್ಕೆ ಬರಲಿಲ್ಲ.

ಆಗಸ್ಟಿನ ಒಂದು ಮಧ್ಯಾಹ್ನ ಅವಳು ಅವನ ಅಂಗಿಯ ತೋಳು ಹಿಡಿದು ನಿಲ್ಲಿಸಿ, ಬಹಳ ಕಷ್ಟಪಟ್ಟು ಎರಡು ಪದ ಜೋಡಿಸಿದಳು.

"ಎಷ್ಟು ಲ್ಹೋತಾ?"

ವಿಲೇಮ್‌ಗೆ ಹಿಗ್ಗೋ ಹಿಗ್ಗು. ಪ್ರಶ್ನೆ ಕೇಳುವಷ್ಟು ಸುಧಾರಿಸಿದಳಲ್ಲ ಎಂದು ಮನೆಯಲ್ಲಿದ್ದ ಹಳೆಯ ಭೂಪಟ ತೆಗೆದು ಮುಂದಿಟ್ಟ. "ಮುನ್ನೂರು ಚಿಲ್ಲರೆ ಇದೆ ಕಣೇ. ಮದುವೆಗೆ ಮುಂಚೆ ನೀನು ಪಾಠ ಹೇಳ್ತಿದ್ದ ಊರು ಯಾವುದೋ ಲ್ಹೋತಾನಾ? ಅಲ್ಲಿಗೆ ಹೋಗ್ಬೇಕಾ? ಎಲ್ಲಾನೂ ತೋರಿಸ್ತೀನಿ ಬಿಡು." ಅವಳು ಅವನ ಮುಖವನ್ನೇ ನೋಡಿದಳು. ಆಮೇಲೆ ಅತ್ತಳು. ಸಂತೋಷಕ್ಕೆ ಅಳುತ್ತಿದ್ದಾಳೆ ಎಂದುಕೊಂಡ ನಮ್ಮ ಅಧಿಕಾರಿ, ಆ ಶನಿವಾರದಿಂದಲೇ ಲ್ಹೋತಾಗಳ ಸರದಿ ಶುರು ಮಾಡಿದ.

ಇಂದು ಶುಕ್ರವಾರ. ನಾದಿನಿ ಹೆಡ್ವಿಕಾ ಎಂದಿನಂತೆ ಕೇಕು ತಂದು, ಅಕ್ಕನಿಗೆ ಪುಟ್ಟ ಪುಟ್ಟ ತುತ್ತು ಮಾಡಿ ತಿನ್ನಿಸಿ ಮಲಗಿಸಿ ಬಂದು ನಕ್ಷೆಯ ಮೇಲೆ ಕಣ್ಣು ಹಾಯಿಸಿದಳು.

"ಇನ್ನೂ ಒಂದು ಲ್ಹೋತಾನಾ ಭಾವ? ಅಲ್ಲೇನಿದೆ, ಕೆಸರು."

"ಅವಳು ಕೇಳ್ತಾಳೆ."

"ಹೋದ ವಾರ ರೈಲಿಂದ ಇಳಿಯೋಕೇ ಒಪ್ಲಿಲ್ಲ ಅಂದ್ರಿ. ನೀವು ಅವಳನ್ನ ಎಳ್ಕೊಂಡು ಇಳ್ಸಿದ್ರಿ."

"ಇಳಿಯಲ್ಲ ಅಂದ್ರೆ ಆ ಲ್ಹೋತಾ ಅಲ್ಲ ಅಂತ ಅರ್ಥ. ನಾಳೇದಿರಬಹುದು. ಕೊಳದಲ್ಲಿ ಹೆಬ್ಬಾತು ಇತ್ತು ಅಂತ ನೀನೇ ಹೇಳಿದ್ದೆ."

"ಹೆಬ್ಬಾತು ಎಲ್ಲಿಲ್ಲ ಭಾವ? ನಾನಾಗ ಚಿಕ್ಕವಳು. ಅವಳ ಶಾಲೆ ನೋಡೋಕೆ ಹೋದೆ, ಹೆಬ್ಬಾತು ಕಚ್ಚಿತು, ಅತ್ಬಿಟ್ಟೆ. ಊರು ಲ್ಹೋತಾನೋ ಇನ್ನೊಂದೋ ಯಾರಿಗೆ ನೆನಪು. ನಲವತ್ತು ವರ್ಷ ಸಂಸಾರ ಮಾಡಿದೀರಿ, ಮಕ್ಕಳಿಲ್ಲ ಮರಿಯಿಲ್ಲ, ಇಬ್ರೇ. ಒಂದ್ಸಲನಾದ್ರೂ ಕೇಳಿದ್ರಾ, ಮದುವೆಗೆ ಮುಂಚೆ ಎಲ್ಲಿ ಪಾಠ ಹೇಳ್ತಿದ್ದೆ ಅಂತ?"

ವಿಲೇಮ್ ಕೇಳಿರಲಿಲ್ಲ. ಆ ಶಾಲೆಯಲ್ಲಿ ಪಿಟೀಲು ಬಾರಿಸುವ ಮಾಸ್ತರನೊಬ್ಬನಿದ್ದ ಎಂಬುದಷ್ಟೇ ಅವನಿಗೆ ಗೊತ್ತಿತ್ತು, ಅದು ಗೊತ್ತಿದ್ದರಿಂದಲೇ ಉಳಿದದ್ದನ್ನು ಕೇಳಿರಲಿಲ್ಲ. ಎಪ್ಪತ್ತು ದಾಟಿದರೂ ಹೊಟ್ಟೆಕಿಚ್ಚಿಗೆ ನಿವೃತ್ತಿಯಿಲ್ಲ. ಪ್ರತಿ ಲ್ಹೋತಾದಲ್ಲೂ ಇಳಿದ ಕೂಡಲೇ ಅವನು ಹೆಂಡತಿಯ ಮುಖ ನೋಡುತ್ತಿದ್ದ. ಆ ಮುಖ ಅರಳಲಿ ಎಂದು ಆಸೆ, ಅರಳಿಬಿಟ್ಟರೆ ಎಂದು ಭಯ. ಅರಳಿದರೂ ಪರವಾಗಿಲ್ಲ ಎಂದು ಈಚೆಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಕೊನೆಯದಾಗಿ ಅವಳಿಗೆ ಏನು ಬೇಕೋ ಅದನ್ನು ಕೊಟ್ಟುಬಿಡಬೇಕು, ಅಷ್ಟೇ ಅವನಿಗೆ ಬೇಕಾದದ್ದು. ಈ ವಿಷಯದಲ್ಲಿ ಅವನನ್ನು ಯಾರೂ ದೂರುವಂತಿಲ್ಲ.

ಹೊರಡುವಾಗ ಹೆಡ್ವಿಕಾ ಬಾಗಿಲ ಬಳಿ ಚಪ್ಪಲಿ ಬಿಟ್ಟು ಬೂಟು ಹಾಕಿಕೊಳ್ಳುತ್ತ ದನಿ ತಗ್ಗಿಸಿದಳು.

"ಹೇಳ್ಬಿಡಿ ಭಾವ. ಜೂನಲ್ಲಿ ನಾನೂ ಹ್ಞೂಂ ಅಂದೆ, ತಪ್ಪು ಮಾಡ್ದೆ. ಅವಳಿಗೆ ಗೊತ್ತಾಗ್ಬೇಕು."

"ಗೊತ್ತಾಗಿ ಏನ್ ಮಾಡ್ತಾಳೆ?"

"ಅದು ಅವಳಿಗೆ ಗೊತ್ತಿರತ್ತೆ. ನಿಮಗೂ ನನಗೂ ಏನ್ ಗೊತ್ತು."

"ಕ್ರಿಸ್‌ಮಸ್ ಹತ್ರ ಬರ್ಲಿ, ನೋಡೋಣ," ಎಂದ ವಿಲೇಮ್. ಹೆಡ್ವಿಕಾ ಬೂಟಿನ ದಾರ ಬಿಗಿದು ಮೆಟ್ಟಿಲಿಳಿದಳು.

ಶನಿವಾರ ಬೆಳಿಗ್ಗೆ ಊರೆಲ್ಲ ಮಂಜು ಮುಸುಕಿತ್ತು. ಸತ್ತವರ ಹಬ್ಬ ಹತ್ತಿರವಿದ್ದುದರಿಂದ ರೈಲಿನ ತುಂಬ ಸಮಾಧಿಗಳಿಗೆ ಹೊರಟವರು. ತೊಡೆಯ ಮೇಲೆ ಸೇವಂತಿಗೆ ಕುಂಡಗಳು, ಕೈಚೀಲದಲ್ಲಿ ದೀಪಗಳು, ಪೈನ್ ಎಲೆಯ ಹಾರಗಳು. ಡಬ್ಬಿಯೊಳಗೆ ಸ್ಮಶಾನದ ವಾಸನೆಯೇ ಹತ್ತಿ ಕೂತ ಹಾಗಿತ್ತು. ಯಾರ್ಮಿಲಾ ಉಣ್ಣೆಯ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಎದುರಿನ ಹೆಂಗಸಿನ ಬಿಳಿ ಸೇವಂತಿಗೆಗಳನ್ನೇ ನೋಡುತ್ತಿದ್ದಳು. ರೈಲು ನಗರ ದಾಟುವ ಮೊದಲೇ ವಿಲೇಮ್ ಬುತ್ತಿ ಬಿಚ್ಚಿದ. ರೈಲು ಅಲ್ಲಾಡಿದರೆ ಸಾಕು, ಬ್ರೆಡ್ಡಿನ ನಡುವೆ ಇಟ್ಟು ತಂದ ಕರಿದ ಮಾಂಸ ತಿನ್ನದಿದ್ದರೆ ಇಲ್ಲಿಯವರಿಗೆ ಪ್ರಯಾಣ ಶುರುವಾದಂತೆಯೇ ಅಲ್ಲ. ಅವಳು ತಲೆಯಾಡಿಸಿ ಬೇಡವೆಂದಳು. ಅವನೊಬ್ಬನೇ ತಿಂದ.

ನಡುವೆ ಒಮ್ಮೆ ರೈಲು ಬದಲಾಯಿಸಿ, ಒಂದೇ ಡಬ್ಬಿಯ ಗಾಡಿ ಹತ್ತಿ, ಮಧ್ಯಾಹ್ನದ ಹೊತ್ತಿಗೆ ಅವರು ಇಳಿದ ಲ್ಹೋತಾ ಮಂಜಿನಲ್ಲಿ ಕಾಣಿಸಲೇ ಇಲ್ಲ. ನಾಯಿ ಬೊಗಳಿದ್ದರಿಂದ ಊರು ಈ ಕಡೆ ಎಂದು ಗೊತ್ತಾಯಿತು. ಕೊಳವಿತ್ತು, ನೀರಿನ ಮೇಲೆ ಎಲೆಗಳಿದ್ದವು, ಹೆಬ್ಬಾತು ಇರಲಿಲ್ಲ. ವಿಲೇಮ್ ಅವಳ ಮುಖ ನೋಡಿದ. ಅಲ್ಲಿ ದಣಿವು ಬಿಟ್ಟು ಬೇರೇನೂ ಇರಲಿಲ್ಲ.

ಹೋಟೆಲಿನಲ್ಲಿ ಒಲೆ ಉರಿಯುತ್ತಿತ್ತು. ಯಜಮಾನಿ ಗ್ಲಾಸು ಒರೆಸುತ್ತಿದ್ದಳು. ರಬ್ಬರ್ ಬೂಟಿನ ಗಿರಾಕಿಯೊಬ್ಬ ಬಿಯರ್ ಮುಂದಿಟ್ಟುಕೊಂಡು ಅವಳಿಗೆ ತನ್ನ ಗೋಳು ಹೇಳಿಕೊಳ್ಳುತ್ತಿದ್ದ. ವಿಲೇಮ್ ತನಗೆ ಬೆಳ್ಳುಳ್ಳಿ ಸಾರು ಹೇಳಿ ಹೆಂಡತಿಯ ಕಡೆ ತಿರುಗಿದ.

"ಶೊಂಕಾ," ಎಂದಳು ಯಾರ್ಮಿಲಾ.

"ಏನಮ್ಮಾ ಅದು?" ಯಜಮಾನಿ ಮುಂದೆ ಬಾಗಿದಳು.

"ಶುಂಕಾ ಕೇಳ್ತಿದಾಳೆ," ವಿಲೇಮ್ ಬಿಡಿಸಿ ಹೇಳಿದ. ಹಂದಿಯ ತೊಡೆಯ ಮಾಂಸ ಅವಳಿಗೆ ಮೊದಲಿನಿಂದ ಇಷ್ಟ. "ಆಪರೇಷನ್ ಆಗಿದೆ. ತುಟಿ ಮುಂದಕ್ಕೆ ಬರಲ್ಲ, ಅದಕ್ಕೆ ಅವಳಿಗೆ ಒತ್ತಿ 'ಉ' ಅನ್ನೋಕಾಗಲ್ಲ, 'ಒ' ಆಗ್ಬಿಡತ್ತೆ. ನನಗೆ ಎಲ್ಲಾ ಅರ್ಥವಾಗತ್ತೆ ಬಿಡಿ."

ಯಜಮಾನಿ ಪಾಪ ಎಂಬಂತೆ ತಲೆಯಾಡಿಸಿ ಒಳಗೆ ಹೋದಳು. ತಟ್ಟೆ ಬಂತು, ಪಕ್ಕದಲ್ಲಿ ತುರಿದ ಮೂಲಂಗಿಯ ಖಾರ. ವಿಲೇಮ್ ಮಾಂಸವನ್ನು ಸಣ್ಣಗೆ ಹೆಚ್ಚಿಕೊಟ್ಟ. ಅಷ್ಟರಲ್ಲಿ ಗಿರಾಕಿಯ ಗೋಳು ದೊಡ್ಡ ದನಿಗೆ ಏರಿತ್ತು.

"ನಮ್ಮಪ್ಪ ಕಟ್ಟಿದ ಕೊಟ್ಟಿಗೆ ಗೋಡೆ. ಅದು ರಸ್ತೆ ಕಡೆ ವಾಲಿದ್ಯಂತೆ, ಕೆಡವ್ಬೇಕಂತೆ. ಕಚೇರಿಯವರು ಲ್ಹೂತಾ ಕೊಟ್ಟಿದಾರೆ. ಚಳಿಗಾಲ ಮುಗಿಯೋದ್ರೊಳಗೆ. ನಾನೇನು ಹಿಮದಲ್ಲಿ ಗೋಡೆ ಕೆಡವ್ಲಾ?"

ಲ್ಹೂತಾ ಎಂದರೆ ಇಲ್ಲಿಯ ಮಾತಿನಲ್ಲಿ ಗಡುವು, ವಿಲೇಮ್ ಜೀವಮಾನವಿಡೀ ಆಡಿದ ಪದ. ಹಳೆಯ ಕುದುರೆಗೆ ಕಹಳೆ ಕೇಳಿಸಿದಂತಾಯಿತು. ವಿಲೇಮ್ ಚಮಚ ಕೆಳಗಿಟ್ಟು ಆ ಕಡೆ ತಿರುಗಿದ.

"ಯಜಮಾನ್ರೇ, ಹೆದರ್ಬೇಡಿ. ಲ್ಹೂತಾ ಅನ್ನೋದು ಕಲ್ಲಲ್ಲಿ ಕೊರೆದಿದ್ದಲ್ಲ. ಒಂದು ಅರ್ಜಿ ಕೊಡಿ, ಹವಾಮಾನದ ಕಾರಣ ತೋರ್ಸಿ. ಲ್ಹೂತಾ ಮುಂದಕ್ಕೆ ಹಾಕ್ತಾರೆ. ನಾನೇ ಎಷ್ಟು ಜನಕ್ಕೆ ಲ್ಹೂತಾ ಮುಂದೆ ಹಾಕಿ..."

ತಟ್ಟೆಯ ಮೇಲೆ ಫೋರ್ಕು ಬಿದ್ದ ಸದ್ದಾಯಿತು. ಯಾರ್ಮಿಲಾ ಅರ್ಧ ಎದ್ದು ನಿಂತಿದ್ದಳು. ಎಡಗೈ ಚಾಚಿ ಗಂಡನ ಬಾಯಿಯನ್ನು ತೋರಿಸುತ್ತಿದ್ದಳು.

"ಲ್ಹೋತಾ," ಎಂದಳು.

"ಹೌದು ಮಿಲಾ, ಲ್ಹೋತಾನೇ. ಬಂದಿದೀವಲ್ಲ."

ಅವಳು ಮೇಜಿಗೆ ಅಂಗೈಯಿಂದ ಹೊಡೆದಳು. ಸಾರು ತುಳುಕಿತು. ಗಿರಾಕಿಯನ್ನು ತೋರಿಸಿದಳು, ಮತ್ತೆ ವಿಲೇಮ್‌ನ ಬಾಯಿ ತೋರಿಸಿದಳು, ಆಮೇಲೆ ಟೋಪಿಯನ್ನು ಕಿತ್ತು ತೆಗೆದು ಕೂದಲಿಲ್ಲದ ಕಡೆ ಹೊಲಿಗೆಯ ಗೀರಿನ ಮೇಲೆ ಬೆರಳಿಟ್ಟಳು. ತುಟಿಯನ್ನು ಮುಂದಕ್ಕೆ ತರಲು ಹೆಣಗಿದಳು. ಎಡಬದಿ ಬಂತು, ಬಲಬದಿ ಬರಲಿಲ್ಲ. ಆ ಸೊಟ್ಟಬಾಯಿಂದ ಹೊರಟದ್ದು ಅದೇ.

"ಲ್ಹೋತಾ. ಎಷ್ಟು?"

ವಿಲೇಮ್‌ಗೆ ತಿಳಿದದ್ದು ಆಗ. ಅವಳು ಆಗಸ್ಟಿನಿಂದ ಕೇಳುತ್ತಿದ್ದದ್ದು ಊರನ್ನಲ್ಲ, ಲ್ಹೂತಾ, ತನಗೆಷ್ಟು ಗಡುವು ಎಂದು. ಶೊಂಕಾ ಎಂದರೆ ಶುಂಕಾ ಎಂದು ಯಜಮಾನಿಗೆ ಈಗಷ್ಟೇ ಬಿಡಿಸಿ ಹೇಳಿದ ಮಹಾಶಯ ಅವನು. ಹೊಟ್ಟೆಯ ಮಾತು ತಿಳಿಯುತ್ತಿತ್ತು, ಜೀವದ ಮಾತು ತಿಳಿಯಲಿಲ್ಲ. ಅದೂ ಅವನದೇ ಪದ. ಆಸ್ಪತ್ರೆಯಲ್ಲಿ ಬಾಗಿಲ ಹೊರಗೆ ಅವನು ಆಡಿದ್ದನ್ನು ಅವಳು ಒಳಗಿನಿಂದ ಕೇಳಿಸಿಕೊಂಡಿದ್ದಳು, ಉತ್ತರ ಮಾತ್ರ ಕೇಳಿಸಿರಲಿಲ್ಲ. ಲ್ಹೋತಾಗಳಿಗೆ ಆ ಹೆಸರು ಬಂದದ್ದೂ ಅದೇ ಪದದಿಂದಲೇ ಎಂದು ಇಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಕಾಡು ಕಡಿದು ನೆಲೆಸಿ, ಇಷ್ಟು ವರ್ಷ ತೆರಿಗೆ ಕೇಳುವುದಿಲ್ಲ ಎಂದು ಹಿಂದೆ ದೊರೆಗಳು ಒಕ್ಕಲಿಗೆ ಗಡುವು ಕೊಡುತ್ತಿದ್ದರು. ಆ ಗಡುವೇ ಊರಿನ ಹೆಸರಾಗಿ ನಿಂತಿತು. ಗೊತ್ತಿದ್ದೂ ಅವನು ಅವಳನ್ನು ಮಂಜಿನಲ್ಲಿ, ಮಳೆಯಲ್ಲಿ, ಕೆಸರಿನಲ್ಲಿ ಊರಿಂದೂರಿಗೆ ಎಳೆದಾಡಿದ್ದ.

ಯಜಮಾನಿ ಟೋಪಿಯನ್ನು ನೆಲದಿಂದ ಎತ್ತಿ ಕೊಟ್ಟಳು. ಗಿರಾಕಿ ಬಿಯರಿನೊಳಗೆ ನೋಡುತ್ತ ಕೂತ. ವಿಲೇಮ್ ಹೆಂಡತಿಗೆ ಟೋಪಿ ಹಾಕಿ, ಕೋಟು ತೊಡಿಸಿ ಹೊರಗೆ ಕರೆತಂದ. ಕೊಳದ ಬಳಿ ಅವಳು ನಿಂತಳು. ಅವನ ಕೋಟಿನ ಗುಂಡಿ ಹಿಡಿದುಕೊಂಡಿದ್ದಳು, ಉತ್ತರ ಸಿಗದೆ ಬಿಡುವಂತಿರಲಿಲ್ಲ.

"ಕ್ರಿಸ್‌ಮಸ್," ಎಂದ ವಿಲೇಮ್. "ಕ್ರಿಸ್‌ಮಸ್‌ವರೆಗೆ ಅಂದ್ರು. ಅಷ್ಟೂ ಇಲ್ಲದಿರಬಹುದು. ಜೂನಲ್ಲೇ ಹೇಳಿದ್ರು. ನಾನು ನಿನಗೆ ಸುಳ್ಳು ಹೇಳ್ದೆ ಮಿಲಾ."

ಅವಳು ಗುಂಡಿ ಬಿಟ್ಟಳು. ಅಳಲಿಲ್ಲ. ಕೊಳದ ಮೇಲಿನ ಎಲೆಗಳನ್ನು ಸ್ವಲ್ಪ ಹೊತ್ತು ನೋಡಿ, ತಿರುಗಿ ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತು, ನಲವತ್ತು ವರ್ಷದಲ್ಲಿ ಅವನು ಕಂಡಿರದಷ್ಟು. ಅವನಿಗೆ ಅದು ಸಲ್ಲಬೇಕಾದದ್ದೇ. ಆಮೇಲೆ ಅವಳು ತಾನಾಗಿಯೇ ನಿಲ್ದಾಣದ ಕಡೆ ಕಾಲೆಳೆಯುತ್ತ ನಡೆದಳು. ಅವನು ತೋಳು ಹಿಡಿಯಲು ಹೋದರೆ ಕೊಡವಿಕೊಂಡಳು.

ಮರಳುವ ರೈಲಿನಲ್ಲಿ ಜನ ಕಡಿಮೆ. ಹೂವುಗಳನ್ನು ಸಮಾಧಿಗಳ ಮೇಲೆ ಬಿಟ್ಟು ಬರಿಗೈಯಲ್ಲಿ ಹಿಂದಿರುಗುವವರು ಅಲ್ಲೊಬ್ಬರು ಇಲ್ಲೊಬ್ಬರು ತೂಕಡಿಸುತ್ತಿದ್ದರು. ವಿಲೇಮ್ ಎದುರು ಕೂತು ಮುಂದಕ್ಕೆ ಬಾಗಿದ. ಹೆಡ್ವಿಕಾಳ ಮಾತು ಅವನ ಎದೆಯಲ್ಲಿ ಕೂತು ಕೊರೆಯುತ್ತಿತ್ತು. ಗೊತ್ತಾಗಿ ಏನು ಮಾಡುತ್ತಾಳೆ ಎಂದು ನಿನ್ನೆ ರಾತ್ರಿ ಕೇಳಿದ್ದವನು ಈಗ ಅದನ್ನೇ ಅವಳನ್ನು ಕೇಳಬೇಕಾಗಿತ್ತು.

"ಯಾಕೆ ಕೇಳ್ತಿದ್ದೆ ಮಿಲಾ? ಗಡುವು ಗೊತ್ತಾಗಿದ್ರೆ ಏನ್ ಮಾಡ್ಬೇಕು ಅಂತಿದ್ದೆ?"

ಅವಳ ಬಾಯಿ ತೆರೆಯಿತು. ಕಣ್ಣುಗಳಲ್ಲಿ ಎಲ್ಲವೂ ಸ್ಪಷ್ಟವಾಗಿತ್ತು. ಹೇಳಬೇಕಾದದ್ದು ಅಲ್ಲೇ ಇತ್ತು, ಪೂರ್ತಿಯಾಗಿ ಇತ್ತು.

"ಲ್ಹೋತಾ," ಎಂದಳು. ಅದಲ್ಲ ಎಂದು ತಾನೇ ತಲೆಯಾಡಿಸಿದಳು. "ಶೊಂ... ಕಿ..." ಮತ್ತೆ ತಲೆಯಾಡಿಸಿದಳು. ಕೈಯನ್ನು ಗಾಳಿಯಲ್ಲಿ ಆಡಿಸಿದಳು. ಅದು ಬರೆಯುವುದೋ, ಹೊಲಿಯುವುದೋ, ಯಾರನ್ನೋ ಕರೆಯುವುದೋ ತಿಳಿಯಲಿಲ್ಲ.

ಆಗಸ್ಟಿನಲ್ಲಿ ಅವಳಿಗೆ ಪದಗಳಿದ್ದವು. ಒಂದಷ್ಟಾದರೂ ಇದ್ದವು. ಅಂದು ಅವನು ಭೂಪಟ ತೆಗೆಯದೆ ಉತ್ತರ ಕೊಟ್ಟಿದ್ದರೆ ಅವಳು ಆ ಪದಗಳಲ್ಲೇ ಹೇಗೋ ಹೇಳಿಬಿಡುತ್ತಿದ್ದಳು. ವಿಲೇಮ್‌ಗೆ ಇದು ಈಗ ಅರ್ಥವಾಯಿತು. ಕಚೇರಿಯ ಮನುಷ್ಯನ ಅಭ್ಯಾಸದಂತೆ ಒಂದೊಂದಾಗಿ ಕೇಳತೊಡಗಿದ.

"ಹೆಡ್ವಿಕಾಗೆ ಏನಾದ್ರೂ ಕೊಡ್ಬೇಕಿತ್ತಾ?" ಅಲ್ಲ ಎಂದು ಅವಳ ತಲೆ ಆಡಿತು.

"ಅಪ್ಪ ಅಮ್ಮನ ಪಕ್ಕದಲ್ಲೇ ಜಾಗ ಬೇಕಾ? ಪಾದ್ರಿನ ಕರೆಸ್ಲಾ?" ಅಲ್ಲ. ಪಾದ್ರಿ ಎಂದಾಗ ಅವಳ ತುಟಿಯ ಎಡತುದಿಯಲ್ಲಿ ಹಳೆಯ ಅಣಕ ಒಂದಿಷ್ಟು ಮೂಡಿ ಮರೆಯಾಯಿತು.

"ಯಾರನ್ನಾದ್ರೂ ನೋಡ್ಬೇಕಾ?" ಅವನು ಕೇಳಿಯೇಬಿಟ್ಟ. "ಆ ಪಿಟೀಲು ಮಾಸ್ತರನ್ನ?"

ಅವಳು ಯಾರು ಅದು ಎಂಬಂತೆ ನೋಡಿದಳು. ನಿಜವಾಗಿಯೂ ಅವಳಿಗೆ ನೆನಪಿರಲಿಲ್ಲ.

"ನನಗೇ ಏನಾದ್ರೂ ಹೇಳ್ಬೇಕಿತ್ತಾ?"

ಅವಳ ತಲೆಯಾಟ ನಿಂತಿತು. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಬಾಯಿ ಮತ್ತೆ ತೆರೆಯಿತು, ಮುಚ್ಚಿತು. ಕಣ್ಣಿನ ಸಿಟ್ಟು ಕರಗಿ ಅಲ್ಲಿ ಬರಿಯ ದಣಿವು ತುಂಬಿತು. ವಿಲೇಮ್ ಕೇಳುತ್ತಲೇ ಹೋದ. ಸ್ಟೇಷನ್ನುಗಳು ಬಂದವು, ಹೋದವು. ಮನೆಯ ವಿಷಯವಾ, ಶಾಲೆಯ ವಿಷಯವಾ, ಯಾರ ಹತ್ತಿರವಾದರೂ ಕ್ಷಮೆ ಕೇಳಬೇಕಾ, ಅವನೇ ಕ್ಷಮೆ ಕೇಳಬೇಕಾ. ದನಿ ಒಡೆಯಿತು. ಪಕ್ಕದ ಸಾಲಿನ ಮುದುಕ ಕಣ್ಣು ಬಿಟ್ಟು ನೋಡಿ ಕಿಟಕಿಯ ಕಡೆ ಹೊರಳಿದ. ಕೊನೆಕೊನೆಗೆ ವಿಲೇಮ್‌ಗೆ ತಾನೇನು ಕೇಳುತ್ತಿದ್ದೇನೆ ಎಂಬುದೇ ತಿಳಿಯದಾಗಿತ್ತು.

"ಸಮುದ್ರ ನೋಡ್ಬೇಕಿತ್ತಾ ಮಿಲಾ? ಸಮುದ್ರಕ್ಕೆ ಹೋಗ್ಬೇಕಿತ್ತಾ?"

ಯಾರ್ಮಿಲಾಗೆ ಸಮುದ್ರವೆಂದರೆ ಆಗದು. ಮದುವೆಯಾದ ಹೊಸತರಲ್ಲಿ ಒಮ್ಮೆ ಹೋಗಿ, ಇಷ್ಟು ನೀರು ಯಾಕೆ ಬೇಕು ಎಂದು ಬೈದು ಬಂದವಳು. ಅವಳು ಗಂಡನ ಮುಖವನ್ನು, ಅದರ ಮೇಲೆ ಇಳಿಯುತ್ತಿದ್ದ ಕಣ್ಣೀರನ್ನು, ಬೇಡುತ್ತಿದ್ದ ಆ ಬಾಯಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕೈ ನೀಡಿ ಅವನ ಕೆನ್ನೆ ಒರೆಸಿ, ಹೌದು ಎಂದು ತಲೆಯಾಡಿಸಿದಳು.

"ಅಷ್ಟೇನಾ?" ಎಂದ ವಿಲೇಮ್.

"ಹೌದು," ಎಂದಳು. ಆ ಪದ ಅವಳಿಗೆ ಇನ್ನೂ ಬರುತ್ತಿತ್ತು.

ಅದು ನಿಜವಲ್ಲವೆಂದು ವಿಲೇಮ್‌ಗೆ ಗೊತ್ತಿತ್ತು. ಅವನಿಗೆ ಗೊತ್ತಿದೆಯೆಂದು ಅವಳಿಗೂ ಗೊತ್ತಿತ್ತು. ಹಾಗಾದರೆ ಸಮುದ್ರಕ್ಕೆ ರೈಲು ನೋಡುತ್ತೇನೆ ಎಂದು ಅವನು ಹೇಳಿದ. ಹೊರಗೆ ಪ್ರಾಗ್‌ನ ಮೊದಲ ದೀಪಗಳು ಕಾಣತೊಡಗಿದ್ದವು, ಜನ ಎದ್ದು ಕೋಟು ತೊಡುತ್ತಿದ್ದರು.